ಅಕ್ಕ್ಯಾಗ ಇಟ್ಟೀರೇನ್ರಿ?

ಹೋದ ವಾರ ನನ್ನ 16 ಜಿಬಿ ಪೆನ್ ಡ್ರೈವ್ ಪ್ಯಾಂಟಿನ ಕಿಸೆಯಲ್ಲಿ ಕೂತು ವಾಷಿಂಗ್ ಮಷಿನ್ ಒಳಗೆ ಹೋಯಿತು. 45 ನಿಮಿಷ ತಿರುಗಿ, ಮಲ್ಲಿಗೆ ವಾಸನೆ ಹೊತ್ತು ಹೊರಗೆ ಬಂತು. ತಪ್ಪು ನನ್ನದೇ. "ಕಿಸೆ ನೋಡಿ ಹಾಕ್ರಿ ಅಂತ ಎಷ್ಟ ಸಲಾ ಹೇಳ್ಬೇಕ್ರಿ ನಿಮಗ" ಎಂದು ಹೆಂಡತಿ ಅಂದಾಗ ಸುಮ್ಮನಿದ್ದೆ. ಚಿಗರಿ ಬಸ್ಸಿನ ಟಿಕೆಟ್ ಹಿಟ್ಟಾಗಿ ಕರಿ ಪ್ಯಾಂಟಿಗೆಲ್ಲ ಅಂಟಿದ ಹಳೇ ಕೇಸು ಇನ್ನೂ ಇತ್ಯರ್ಥ ಆಗಿಲ್ಲ.

ಸಿಟ್ಟು ಬಂದದ್ದು ಆಮೇಲೆ. ಹಾಲಿನವ ಕೇಳಿದ, ಮೇಲಿನ ಮನೆಯವರು ಕೇಳಿದರು, ಆಫೀಸಿನಲ್ಲಿ ಫೈಲ್‌ನಿಂದ ತಲೆ ಎತ್ತದವರೂ ಎತ್ತಿ ಕೇಳಿದರು. "ಅಕ್ಕ್ಯಾಗ ಇಟ್ಟೀರೇನ್ರಿ?" ನೀರಿಗೆ ಬಿದ್ದ ಮೊಬೈಲು, ಪೆನ್ ಡ್ರೈವ್ ಅಕ್ಕಿಯಲ್ಲಿ ಹೂತಿಟ್ಟರೆ ಅಕ್ಕಿ ನೀರೆಲ್ಲ ಹೀರುತ್ತದಂತೆ. ದಿನಾ ಜೋಳದ ರೊಟ್ಟಿ ಬಡಿಯುವ ಧಾರವಾಡದ ಮಂದಿಗೆ ಅಕ್ಕಿಯ ಮೇಲೆ ಇಷ್ಟು ಭಕ್ತಿ ಯಾವಾಗ ಬಂತೋ!

ನಾನು ಹುಬ್ಬಳ್ಳಿಯ ರಿಪೇರಿ ಅಂಗಡಿಗೆ ಓಡಿದೆ. ಅಲ್ಲಿನ ಹುಡುಗ ಕೇಳಿದ್ದು ಬೇರೆ. "ಕಂಪ್ಯೂಟರಿಗೆ ಹಚ್ಚಿ ನೋಡೀರೇನ್ರಿ?" ಇಲ್ಲ ಅಂದೆ. "ಪುಣ್ಯಾ ಮಾಡೀರಿ" ಅಂದ.

ಪೆನ್ ಡ್ರೈವ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಕರೆಂಟೇ ಇಲ್ಲದ ಮೇಲೆ ಶಾರ್ಟ್ ಆಗುವುದೆಲ್ಲಿಂದ? ಫೈಲ್‌ಗಳೇನು ನೀರಿನಲ್ಲಿ ತೊಳೆದು ಹೋಗುವುದಿಲ್ಲ, ಅವು ಮುಚ್ಚಿದ ಚಿಪ್ಪಿನೊಳಗೆ ಬೆಚ್ಚಗಿರುತ್ತವೆ. ಹಸಿ ಇದ್ದಾಗಲೇ ಅವಸರ ಮಾಡಿ ಚುಚ್ಚಿದರೆ 5 ವೋಲ್ಟ್ ಒಳಗೆ ಹರಿದು ಅದನ್ನು ಸುಡಬಹುದು, ಕಂಪ್ಯೂಟರಿನ ಪೋರ್ಟಿಗೂ ಏಟು ಬೀಳಬಹುದು. ಇನ್ನೊಂದು ಶತ್ರು ನೀರು ಆರಿದ ಮೇಲೆ ಉಳಿಯುವ ಸೋಪು, ಉಪ್ಪು. ನಮ್ಮ ಮನೆಯ ಬೋರ್ ನೀರು ಬಕೆಟ್ಟಿಗೆ ಬಳಿಯುವ ಆ ಬಿಳಿ ಕಲೆ ನೋಡಿದ್ದೀರಲ್ವಾ, ಅದೇ ಒಳಗೂ ಕೂತು ಮೆಲ್ಲಗೆ ಕಿಲುಬು ಹಿಡಿಸುತ್ತದೆ. ಹುಡುಗ ಕವಚ ಬಿಚ್ಚಿ, ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಅದ್ದಿ ತಿಕ್ಕಿ, ಹಾಗೇ ಗಾಳಿಗೆ ಇಡಲು ಹೇಳಿದ. "ಮತ್ತ ಅಕ್ಕಿ?" ಅಂದೆ. "ಅನ್ನಾ ಮಾಡ್ರಿ ಸರ್" ಅಂದ.

ಗಾಳಿಗೆ ಇಡುವುದು ಸರಿ. ಆದರೆ ಜುಲೈ ತಿಂಗಳು, ಧಾರವಾಡ. ಸೋಮವಾರ ಹಿಂಡಿದ ಬನಿಯನ್ ಗುರುವಾರವೂ ಹಗ್ಗದ ಮೇಲೆ ಯೋಚನೆ ಮಾಡುತ್ತಿರುತ್ತದೆ. ಸೆಟ್‌ಟಾಪ್ ಬಾಕ್ಸ್ ಮೇಲೆ ಸ್ವಲ್ಪ ಬೆಚ್ಚಗಿರುತ್ತದೆ ಅಂತ ಅಲ್ಲಿಟ್ಟೆ.

ಅಲ್ಲಿ ಅದು ಕಾಕಾನ ಕಣ್ಣಿಗೆ ಬಿತ್ತು. ನಮ್ಮ ಕಾಕಾ ನಿವೃತ್ತರಾದ ಮೇಲೆ ಮನೆಯ ಎಲ್ಲ ರಿಪೇರಿಯನ್ನೂ ಅಡುಗೆಮನೆಯ ಡಬ್ಬಿಗಳಿಂದಲೇ ಮಾಡುತ್ತಾರೆ. ಬಾಗಿಲು ಕಿರ್ ಅಂದರೆ ಕೊಬ್ಬರಿ ಎಣ್ಣೆ, ಗೋಡೆಯ ಬಿರುಕಿಗೆ ಮೈದಾ. ಬೆಳಗಿನ ಚಹಾಕ್ಕೆ ಒಮ್ಮೆ, ಊಟಕ್ಕೆ ಒಮ್ಮೆ ಅಕ್ಕಿ ವಿಚಾರಿಸಿದರು. ನಾನು ಅಂಗಡಿ ಹುಡುಗನ ಮಾತು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಖರೇ ಐತಿ ತಮ್ಮಾ. ಅಕ್ಕಿ ಏನ್ ಹೀರ್ತದ? ಈ ಮಳ್ಯಾಗ ಚುರಮರಿ ನೋಡು, ಡಬ್ಬಿ ತಗದ್ರ ಒಂದ ತಾಸಿನ್ಯಾಗ ಮೆತ್ತಗ ಆಗ್ತದ. ಎಷ್ಟ ನೀರ ಕುಡೀತಿರಬೇಕು ಅದು!" ಅಂದರು. ಈ ವಾದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಚುರಮರಿಯಲ್ಲಿ ಉಪ್ಪಿರುತ್ತದೆ ಎಂಬುದು ನೆನಪಾದದ್ದು ರಾತ್ರಿ ಹಾಸಿಗೆಯಲ್ಲಿ. ಅಷ್ಟೊತ್ತಿಗೆ ಕಾಕಾ ಕೆಲಸ ಮುಗಿಸಿದ್ದರು. ಯಾರಿಗೂ ಹೇಳದೆ.

ಮರುದಿನ ಸಂಜೆ ಮಳೆ ಜಿಟಿಜಿಟಿ. ಹೆಂಡತಿ ಆ ಚುರಮರಿಯದೇ ಗಿರ್ಮಿಟ್ ಮಾಡಿದಳು. ಉಳ್ಳಾಗಡ್ಡಿ, ಹುಣಸೆ ರಸ, ಪುಟಾಣಿ ಹಿಟ್ಟು, ಬದಿಗೆ ಬಿಸಿ ಮಿರ್ಚಿ. ನಾನು ಆಗಷ್ಟೇ ಪೆನ್ ಡ್ರೈವ್ ಕಾಣದೆ ಟಿವಿ ಹಿಂದೆ ಕೈ ಹಾಕಿ ಹುಡುಕುತ್ತಿದ್ದೆ. ಕಾಕಾ ಎರಡನೇ ಪ್ಲೇಟಿಗೆ ಬಂದಿದ್ದರು. ಕಟಕ್ ಅಂತು. ಅಗಿಯುವುದು ನಿಂತಿತು. "ಹರಳ ಬಂತು ನೋಡವಾ" ಎಂದು ಸೊಸೆಗೆ ಹೇಳುತ್ತಾ ಬಾಯಿಗೆ ಎರಡು ಬೆರಳು ಹಾಕಿ ಹೊರಗೆಳೆದರು. ಹಸಿರು ಹಲಗೆ, ಮೇಲೆ ಅರಿಶಿನ, ಒಂದು ಸಾಸಿವೆ ಕಾಳು. ಹೆಂಡತಿ ನನ್ನನ್ನು ನೋಡಿದಳು. ನಾನು ಕಾಕಾನನ್ನು ನೋಡಿದೆ. ಕಾಕಾ ಮಾತ್ರ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ಹೇಳಿದರು, "ಹುಣಸೀ ಹುಳಿಗೆ ಹೆಂಗ ಹೊಳ್ಯಾಕತ್ತದ ನೋಡ್ರಿ!" ನಿಜಕ್ಕೂ ಹೊಳೆಯುತ್ತಿತ್ತು, ದೇವರ ಮನೆ ತಂಬಿಗೆ ಹಾಗೆ.

ಮತ್ತೆ ಹುಬ್ಬಳ್ಳಿ, ಮತ್ತೆ ಆಲ್ಕೋಹಾಲ್ ಸ್ನಾನ. ಹುಡುಗ ಮೂಸಿ ನೋಡಿ "ಒಗ್ಗರಣಿ ವಾಸನಿ ಬರ್ತದಲ್ರಿ" ಅಂದ. ಮಳೆಗಾಳಿ ಜಾಸ್ತಿ ಅಂದೆ. ಏನು ಹೇಳಲಿ ಮತ್ತೆ?

ಈ ಸಲ ನಾಲ್ಕು ದಿನ ನನ್ನ ಕಪಾಟಿನಲ್ಲಿ ಕೀಲಿ ಹಾಕಿ ಇಟ್ಟೆ, ಶೂ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪುಡಿಕೆಗಳ ಜೊತೆ. ಐದನೇ ದಿನ ಹಚ್ಚಿದೆ. ಟಿಂಗ್ ಅಂತು. ಮೊದಲು ನಕಲು ಮಾಡಿದ್ದು ಅಜ್ಜಿಯ ಫೈಲು. ತೀರಿಕೊಳ್ಳುವ ಮುಂಚಿನ ದೀಪಾವಳಿಯಲ್ಲಿ ಮೊಬೈಲ್‌ನಲ್ಲಿ ಹಿಡಿದ ಬೀಸುವ ಪದ. ಎರಡು ನುಡಿ ಹಾಡಿ, ಮೂರನೆಯದು ಮರೆತು, "ಇದ್ರಾಗ ನನ್ನ ಕೆಮ್ಮೂ ಬರ್ತದೇನೋ?" ಎಂದು ಕೇಳುತ್ತಾಳೆ. ಬಂದಿದೆ. ಅದನ್ನು ಇನ್ನೆರಡು ಕಡೆ ಇಟ್ಟೆ. ಇಷ್ಟು ದಿನ ಯಾಕೆ ಇಟ್ಟಿರಲಿಲ್ಲ ಎಂದು ಹೆಂಡತಿ ಕೇಳಲಿಲ್ಲ, ಪುಣ್ಯ.

ನೀರು ಕುಡಿದ ಪೆನ್ ಡ್ರೈವ್ ಇವತ್ತು ನಡೆದರೂ ನಾಳೆ ಕೈ ಕೊಡಬಹುದು, ಮುಖ್ಯವಾದದ್ದು ಏನೂ ಇಡಬೇಡಿ ಅಂತ ಹುಡುಗ ಹೇಳಿದ್ದ. ಹಾಗಾಗಿ ಕಾಕಾನ ಸ್ಪೀಕರಿಗೆ ಭಜನೆ ತುಂಬಿಸಿ ಕೊಟ್ಟೆ. ನಿನ್ನೆ ಒಂದು ಭಜನೆ ನಡುವೆ ತಡವರಿಸಿ ನಿಂತಿತು. ಕಾಕಾ ಸ್ಪೀಕರಿನ ತಲೆ ಮೇಲೆ ಎರಡು ತಟ್ಟಿ ನನ್ನ ಕಡೆ ತಿರುಗಿದರು.

"ಮೊದಲ ಅಕ್ಕ್ಯಾಗ ಇಡಬೇಕಿತ್ತು."