ಟಿಸಿಗೆ ಕಾಯಿ ಒಡೆಯುವ ಮುಂಚೆ ಫ್ಯೂಸ್ ನೋಡಿ

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಷ್ಟರಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತ್ತು. ಮೇಲೆ ಅದೇ 25 ಕೆವಿಎ ಟಿಸಿ, ಅಂದರೆ ತೋಟದ ಮೋಟರುಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್. ಅರಸೀಕೆರೆ ಕಡೆಯದು. ಮೂರು ವಾರದ ಹಿಂದೆ ನಾನೇ ಹೊಸ ಕಾಯಿಲ್ ಹಾಕಿ ಕಳಿಸಿದ್ದು. ಅರಿಶಿನ ಕುಂಕುಮ ಇನ್ನೂ ಮಾಸಿರಲಿಲ್ಲ. ಜೊತೆಗೆ ಬಂದ ಯಜಮಾನರು ಇಳಿಯುತ್ತಲೇ, "ಏನಣ್ಣಾ, ಇದೇನಾ ನಿನ್ನ ರಿಪೇರಿ?" ಅಂದರು.

ಮುಚ್ಚಳ ಬಿಚ್ಚಿದೆ. ಎಣ್ಣೆ ಕಪ್ಪಗಾಗಿದೆ. ಕಾಯಿಲ್ ಮೇಲಿನ ಕಾಗದ ಮುಟ್ಟಿದರೆ ಪುಡಿ ಪುಡಿ. ಮೂರೂ ಫೇಸು ಒಂದೇ ಸಮ ಬೆಂದಿವೆ. ಇದು ಸಿಡಿಲಿನ ಕೆಲಸ ಅಲ್ಲ, ದಿನಾ ಬೇಯಿಸಿದ್ದು.

"ಫ್ಯೂಸಿಗೆ ಏನು ಹಾಕಿದ್ರಿ?" ಅಂದೆ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗ ಮೊಬೈಲಲ್ಲಿ ಫೋಟೋ ತೋರಿಸಿದ. ಅಲ್ಯೂಮಿನಿಯಂ ತಂತಿ, ಮೂರು ಎಳೆ ಹೊಸೆದು ಬಿಗಿದಿದ್ದಾರೆ. ಎಮ್ಮೆ ಕಟ್ಟಬಹುದು ಅದರಲ್ಲಿ!

25 ಕೆವಿಎ ಟಿಸಿ ಒಂದು ಫೇಸಿಗೆ ಕೊಡುವುದೇ ಸುಮಾರು 33 ಆಂಪಿಯರ್. 5 ಎಚ್‌ಪಿ ಮೋಟರ್ ಒಂದೇ 7 ಆಂಪಿಯರ್ ಹತ್ತಿರ ತಿನ್ನುತ್ತದೆ. ನಾಲ್ಕು ಮೋಟರ್ ಆರಾಮ. ಅಲ್ಲಿರುವುದು ಒಂಬತ್ತು. ಅದರ ಮೇಲೆ ಎಲ್ಲರದೂ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಒಂಬತ್ತೂ ಒಟ್ಟಿಗೆ ಏಳುತ್ತವೆ, ಏಳುವಾಗ ಐದಾರು ಪಟ್ಟು ಎಳೆಯುತ್ತವೆ. ಫ್ಯೂಸ್ ಹೋಗದೆ ಇರುತ್ತಾ? ಹೋಗಲಿ ಅಂತಲೇ ಅದನ್ನು ಇಟ್ಟಿರುವುದು ಕಣ್ರಯ್ಯಾ! ರಾತ್ರಿ ಎದ್ದು ಹೋಗಿ ಹಾಕುವ ಸೋಮಾರಿತನಕ್ಕೆ ದಪ್ಪ ತಂತಿ. ಈಗ ಹೋಗಿದ್ದು ಟಿಸಿ.

ಕರೆಂಟ್ ಕಂಪನಿಯವರ ಹತ್ತಿರ ದೊಡ್ಡದು, 63 ಕೆವಿಎ ಟಿಸಿ ಕೇಳಿ ಅಂದೆ. ಕೇಳಿದರೆ ಒಂಬತ್ತೂ ಮೋಟರಿನ ಲೆಕ್ಕ ಒಪ್ಪಿಸಬೇಕಲ್ಲ. ಸಕ್ರಮ ಆಗಿರುವುದು ನಾಲ್ಕೇ, ಮಿಕ್ಕಿದ್ದೆಲ್ಲ ಅಕ್ರಮ ಸಂಪರ್ಕ.

ರಿಪೇರಿಯವರೆಲ್ಲ ಸಾಚಾನಾ ಅಂತ ಕೇಳುತ್ತೀರಿ, ಗೊತ್ತು. ಟೆಸ್ಟ್ ಮಾಡದೆ ಹಳೇ ಎಣ್ಣೆ ತುಂಬುವವರು ಇದ್ದಾರೆ. ನಾನೂ ಒಂದು ಸಲ ತಪ್ಪು ಮಾಡಿದ್ದೇನೆ. ಮಾರ್ಚ್ ತಿಂಗಳು, ತೋಟ ಒಣಗುತ್ತಿದೆ ಅಂತ ಹೆಂಗಸರೂ ಬಂದು ಶೆಡ್ಡಿನ ಮುಂದೆ ಕೂತಿದ್ದರು. ಕಾಯಿಲ್ ಓವನ್‌ನಲ್ಲಿ ಪೂರ್ತಿ ಒಣಗುವ ಮುಂಚೆಯೇ ಎಣ್ಣೆ ತುಂಬಿ ಕಳಿಸಿಬಿಟ್ಟೆ. ಎರಡೇ ದಿನ. ಒಳಗಿನ ತೇವ ಅದನ್ನು ತಿಂದುಹಾಕಿತು. ದುಡ್ಡು ತಗೊಳ್ಳದೆ ಮತ್ತೆ ಮಾಡಿಕೊಟ್ಟೆ. ಇವತ್ತಿಗೂ ಆ ಊರಿನ ದಾರಿ ಹಿಡಿಯಲು ಮನಸ್ಸು ಬರುವುದಿಲ್ಲ. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ? ಆ ಹೊಸೆದ ತಂತಿ ನಾನು ಬಿಗಿದಿದ್ದಾ?

ಗ್ಯಾರಂಟಿ ಒಳಗಿದೆ, ಹಾಗಾಗಿ ಖರ್ಚು ನನ್ನ ತಲೆಗೆ. ಮಧ್ಯಾಹ್ನದಿಂದ ಸುಮ್ನೆ ಕಾಯಿಲ್ ಸುತ್ತುತ್ತಾ ಕೂತಿದ್ದೇನೆ. ಈ ಸಲ ಟಿಸಿ ಜೊತೆ ಸರಿಯಾದ ಫ್ಯೂಸ್ ತಂತಿಯ ಒಂದು ಸುರುಳಿಯನ್ನೂ ಪುಕ್ಕಟೆ ಕಟ್ಟಿ ಕಳಿಸುತ್ತೇನೆ.

ಯಜಮಾನರಿಗೆ ಇಷ್ಟೂ ಬಿಡಿಸಿ ಹೇಳಿದೆ. ತಲೆ ಆಡಿಸಿದರು. ಟ್ರ್ಯಾಕ್ಟರ್ ಹತ್ತುವಾಗ ತಿರುಗಿ ಕೇಳಿದರು, "ಶುಕ್ರವಾರದೊಳಗೆ ಕೊಟ್ಬಿಡಣ್ಣಾ, ಪೂಜೆಗೆ ಒಳ್ಳೇ ದಿನ."