ಜುಟ್ಟು ಸೇರಿ 101

ಕನ್ನಂಬಾಡಿ ಕಟ್ಟೆ ಕೆಳಗೆ ಡಿಸ್ನಿಲ್ಯಾಂಡ್ ಬರುತ್ತಂತೆ. ಹೌದು, ಮತ್ತೆ. ಬರಲಿ ಬಿಡಿ, ಸಂತೋಷ. ಅಲ್ಲಿನ ಗೇಟಿಗೆ ಬೇಕಾದ ಒಂದು ಸಾಮಾನನ್ನು ಮಾತ್ರ ನಾನೇ ಪುಕ್ಕಟೆ ಮಾಡಿಸಿಕೊಡಲು ತಯಾರಿದ್ದೇನೆ. ಮಕ್ಕಳ ಎತ್ತರ ಅಳೆಯುವ ಹಲಗೆ. ಆ ಹಲಗೆಯ ಬಗ್ಗೆ ನನಗೆ ಈಗ ಸಾಕಷ್ಟು ತಿಳಿವಳಿಕೆ ಬಂದಿದೆ.

ಬಂದಿದ್ದು ಮೇ ತಿಂಗಳಲ್ಲಿ. ಬೇಸಿಗೆ ರಜೆ, ನಾಲ್ಕು ವರ್ಷದ ಮಗಳು, ಒಂದು ಥೀಮ್ ಪಾರ್ಕ್. ಯಾವ ಪಾರ್ಕು ಅಂತ ಕೇಳಬೇಡಿ. ನೀವು ಹೋಗಿದ್ದೀರಲ್ಲ, ಅದೇ ಅಂದುಕೊಳ್ಳಿ.

ನನ್ನ ಹೆಂಡತಿ ಮೂರು ವಾರ ಮೊದಲೇ ಪ್ಲಾನ್ ಶುರು ಮಾಡಿದ್ದಳು. ನಮ್ಮ ಮದುವೆಗೆ ಛತ್ರ ಹುಡುಕುವಾಗಲೂ ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಎಕ್ಸೆಲ್ ಶೀಟ್ ಮಾಡಿದಳು. ಪುಟ್ಟಿ ಏಳುವ ಹೊತ್ತು, ತಿನ್ನುವ ಹೊತ್ತು, ಒಂದಕ್ಕೆ ಹೋಗುವ ಹೊತ್ತು, ಹಟ ಮಾಡುವ ಹೊತ್ತು. ಹಟಕ್ಕೆ ಮಧ್ಯಾಹ್ನ ಎರಡರಿಂದ ಎರಡೂವರೆ ಅಂತ ಬಿಟ್ಟುಕೊಟ್ಟಿದ್ದಳು. ಪುಟ್ಟಿ ಶೀಟ್ ಓದಿರಲಿಲ್ಲ. ಬೆಳಿಗ್ಗೆ ಆರಕ್ಕೇ ಶುರು ಮಾಡಿದಳು.

ಗೇಟಿನಲ್ಲಿ ಒಂದು ಮರದ ಜಿರಾಫೆ. ಅದರ ಕುತ್ತಿಗೆ ಮೇಲೆ ಗೀಟುಗಳು. 90 ಸೆಂಟಿಮೀಟರ್ ಒಳಗಿದ್ದರೆ ಪುಕ್ಕಟೆ, ದಾಟಿದರೆ ಟಿಕೆಟ್. ಇಲ್ಲಿ ನಮ್ಮದೇ ಒಂದು ತಪ್ಪಿದೆ, ಒಪ್ಪಿಕೊಳ್ಳುತ್ತೇನೆ. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಅವಳನ್ನು ನಿಲ್ಲಿಸಿ, ಪೆನ್ಸಿಲಿನಲ್ಲಿ ಗೀಟು ಹಾಕಿ, 'ಅಯ್ಯೋ ಎಷ್ಟುದ್ದ ಆಗ್ಬಿಟ್ಟೆಯೇ ಪುಟ್ಟಿ' ಅಂತ ಚಪ್ಪಾಳೆ ತಟ್ಟಿ ಬೆಳೆಸಿದ್ದೇವೆ. ಜಿರಾಫೆ ಕಂಡಿದ್ದೇ ತಡ, ಅವಳು ಓಡಿಹೋಗಿ ಬೆನ್ನು ಕೊಟ್ಟು, ತುದಿಗಾಲಲ್ಲಿ ನಿಂತು, ಕತ್ತು ಎತ್ತಿದಳು. ಪಕ್ಕದ ಸಾಲಿನಲ್ಲಿ ಒಬ್ಬ ಅಪ್ಪ ತನ್ನ ಮಗನಿಗೆ 'ಬಗ್ಗೋ, ಸ್ವಲ್ಪ ಬಗ್ಗೋ' ಅಂತ ಪಿಸುಗುಡುತ್ತಿದ್ದರು. ಇನ್ನೊಬ್ಬರು ಮಗು ಮಲಗಿದೆ ಅಂತ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು. ಗಾರ್ಡ್ ಟೇಪ್ ತಂದು ಮಗುವನ್ನು ಮಲಗಿಸಿದಂತೆಯೇ ಅಳೆದ. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಿಟ್ಟರೆ ಇಂಥ ಶ್ರದ್ಧೆಯನ್ನು ನಾನು ಎಲ್ಲೂ ನೋಡಿಲ್ಲ.

ಪುಟ್ಟಿ ತಲೆ ಮೇಲೆ ಅವತ್ತು ಜುಟ್ಟು ಇತ್ತು. ತೆಂಗಿನ ಮರದ ಥರದ್ದು. ಗಾರ್ಡ್ ಹಲಗೆ ಇಳಿಸಿದ. ಅದು ಜುಟ್ಟಿನ ಮೇಲೆ ಕೂತಿತು.

'101 ಸಾರ್.'

'ಜುಟ್ಟು ಸೇರಿ 101 ಕಣಪ್ಪ.'

'ಜುಟ್ಟೂ ಒಳಗೆ ಬರುತ್ತಲ್ಲ ಸಾರ್.'

ಉತ್ತರ ಇರಲಿಲ್ಲ. ಜುಟ್ಟನ್ನು ಹೊರಗೆ ಬಿಟ್ಟು ಹೋಗಲು ಲಾಕರ್ ಇತ್ತು, ಅದಕ್ಕೆ ಬೇರೆ ದುಡ್ಡು. ಟಿಕೆಟ್ ತೆಗೆದುಕೊಂಡೆ.

ಟಿಕೆಟ್ಟಿನ ಕೆಳಗೆ ಜಿಎಸ್‌ಟಿ ಇತ್ತು. ಅದನ್ನು ನೋಡಿದಾಗಲೆಲ್ಲ ನನಗೊಂದು ಹಳೆಯ ಸಂಗತಿ ನೆನಪಾಗಿ ನಗು ಬರುತ್ತದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕಿಗೆ ಶೇಕಡಾ 28 ಹಾಕಿದ್ದರು. 2018ರ ಜನವರಿಯಲ್ಲಿ ಮನಸ್ಸು ಕರಗಿ 18ಕ್ಕೆ ಇಳಿಸಿದರು. ಇಳಿಸಿದ ಪಟ್ಟಿಯಲ್ಲಿ ಥೀಮ್ ಪಾರ್ಕ್, ವಾಟರ್ ಪಾರ್ಕ್, ಮೆರ್ರಿ ಗೋ ರೌಂಡ್, ಗೋ ಕಾರ್ಟ್ ಎಲ್ಲ ಇದ್ದವು. ಕೊನೆಯಲ್ಲಿ ಬ್ಯಾಲೆ. ಅದೇ, ತುದಿಗಾಲಲ್ಲಿ ಕುಣಿಯುವ ಬ್ಯಾಲೆ ನೃತ್ಯ. ಅದು ಮೆರ್ರಿ ಗೋ ರೌಂಡ್ ಇದ್ದ ಪಟ್ಟಿಯಲ್ಲಿ ಬಂದು ಕೂತಿದ್ದು ಹೇಗೋ ಗೊತ್ತಿಲ್ಲ. ಎರಡೂ ಗಿರಗಿರ ತಿರುಗುತ್ತವೆ ಅಂತ ಯಾರೋ ಗುಮಾಸ್ತರು ಸೇರಿಸಿರಬೇಕು. ದೇಶದ ಆರ್ಥಿಕತೆ ತಿರುಗುವುದೂ ಹೀಗೇ ಅನಿಸುತ್ತದೆ ಒಮ್ಮೊಮ್ಮೆ.

ಮುಂದಿನ ಗೇಟಿನಲ್ಲಿ ಚಕ್ಕುಲಿ ಸಿಕ್ಕಿಬಿತ್ತು.

ಸಿಕ್ಕಿಬಿತ್ತು ಅಂದರೆ, ಬ್ಯಾಗಿನ ತಳದಲ್ಲಿ, ಟವಲ್ ಒಳಗೆ, ಸ್ಟೀಲ್ ಡಬ್ಬಿಯಲ್ಲಿ. ಇಬ್ಬರು ಗಾರ್ಡುಗಳು ಸೇರಿ ಡಬ್ಬಿ ಬಿಚ್ಚಿ ನೋಡಿದರು. ಒಬ್ಬ ಮೂಸಿ ನೋಡಿದ. ಹೊರಗಿನ ತಿಂಡಿ ಒಳಗೆ ಬಿಡಂಗಿಲ್ಲ ಅಂದರು. ಮೊಸರನ್ನವೂ ಇತ್ತು. ಅದು ಮಗುವಿನ ಊಟ ಅಂದಳು ಹೆಂಡತಿ. 'ಮಗು ಊಟ ಎರಡು ವರ್ಷದ ಒಳಗಿನೋರಿಗೆ ಮೇಡಂ, ಪಾಪು ದೊಡ್ಡವಳಲ್ವಾ' ಅಂತ ಪುಟ್ಟಿಯ ಕೆನ್ನೆ ಸವರಿದ. ಪುಟ್ಟಿ ಹೆಮ್ಮೆಯಿಂದ ಇನ್ನೂ ಒಂದು ಸೆಂಟಿಮೀಟರ್ ಉದ್ದವಾದಳು. ಒಳಗೆ ಒಂದು ತಟ್ಟೆ ಮೊಸರನ್ನ ಎಷ್ಟು ಅಂತ ನಾನು ಹೇಳುವುದಿಲ್ಲ. ನಮ್ಮ ಅತ್ತೆ ಇದನ್ನು ಓದುತ್ತಾರೆ.

ದೊಡ್ಡವಳು ಅಂತ ಎರಡು ಗೇಟಿನಲ್ಲಿ ಸಾಬೀತಾಯಿತಲ್ಲ, ಸರಿ, ರೈಡಿಗೆ ಹೋದೆವು. ದೊಡ್ಡ ರೋಲರ್ ಕೋಸ್ಟರಿಗೆ 140 ಇರಬೇಕಂತೆ. ನ್ಯಾಯವೇ, ನನಗೇ ಅದನ್ನು ನೋಡಿ ಹೊಟ್ಟೆ ತೊಳಸುತ್ತಿತ್ತು. ಅದರ ಪಕ್ಕದ್ದಕ್ಕೆ 120. ಇನ್ನೊಂದು ಸಣ್ಣ ರೈಲು, ಡ್ರ್ಯಾಗನ್ ಮುಖದ್ದು, 100 ಇದ್ದರೆ ಸಾಕು. ಬಿಸಿಲಲ್ಲಿ ಐವತ್ತು ನಿಮಿಷ ಸಾಲು ನಿಂತೆವು. ಪಕ್ಕದಲ್ಲಿ ಇನ್ನೊಂದು ಸಾಲು, ಜಾಸ್ತಿ ದುಡ್ಡು ಕೊಟ್ಟವರದು, ನಮ್ಮನ್ನು ನೋಡದ ಹಾಗೆ ನೋಡುತ್ತಾ ಹೋಗುತ್ತಿತ್ತು. ಅದರ ಬಗ್ಗೆ ತಕರಾರಿಲ್ಲ. ದೇವಸ್ಥಾನದಲ್ಲಿ ವಿಶೇಷ ದರ್ಶನದ ಚೀಟಿ ಹರಿಸಿಕೊಂಡು ಬೆಳೆದವರು ನಾವು. ದೇವರೇ ಒಪ್ಪಿಕೊಂಡಿದ್ದನ್ನು ಡ್ರ್ಯಾಗನ್ ಒಪ್ಪಬಾರದೇ?

ನಮ್ಮ ಸರದಿ ಬಂತು. ಅಲ್ಲೂ ಒಂದು ಜಿರಾಫೆ. ಅಲ್ಲಿದ್ದ ಹುಡುಗ ಪುಟ್ಟಿಯ ಚಪ್ಪಲಿ ಬಿಚ್ಚಿಸಿದ. ಜುಟ್ಟನ್ನು ಅಂಗೈಯಲ್ಲಿ ಚಪ್ಪಟೆಯಾಗಿ ಅದುಮಿದ. 'ಹಿಮ್ಮಡಿ ಊರು ಪಾಪು' ಅಂದ.

'97 ಸಾರ್. ಆಗಲ್ಲ.'

ಒಂದು ಗಂಟೆಯಲ್ಲಿ ನಾಲ್ಕು ಸೆಂಟಿಮೀಟರ್ ಇಳಿದಿದ್ದಳು. ಕಡುಬೇಸಿಗೆಯಲ್ಲಿ ಕಟ್ಟೆಯ ನೀರೂ ಹೀಗೆ ಇಳಿಯುವುದಿಲ್ಲ. ಸರಿ, ಪುಟಾಣಿಗಳ ಜಾಗಕ್ಕೆ ಹೋಗೋಣ ಅಂದರೆ, ಅಲ್ಲಿನ ಆನೆ ತೊಟ್ಟಿಲಿಗೆ 95ರ ಒಳಗಿರಬೇಕು. 'ಇದು ಚಿಕ್ಕ ಮಕ್ಕಳಿಗೆ ಸಾರ್.' ಅಂದರೆ ಇಡೀ ಪಾರ್ಕಿನ ಪ್ರಕಾರ ನನ್ನ ಮಗಳು ಟಿಕೆಟ್ಟಿಗೆ ದೊಡ್ಡವಳು, ಮೊಸರನ್ನಕ್ಕೆ ದೊಡ್ಡವಳು, ಆನೆಗೆ ದೊಡ್ಡವಳು, ಡ್ರ್ಯಾಗನ್ನಿಗೆ ಚಿಕ್ಕವಳು. 95ಕ್ಕೂ 100ಕ್ಕೂ ನಡುವೆ ಇರುವ ಮಕ್ಕಳು ಏನು ಮಾಡಬೇಕು ಅಂತ ಕೇಳಿದೆ. 'ಫೋಟೋ ತೆಗೆಸ್ಕೋಬೌದು ಸಾರ್' ಅಂದ. ಫೋಟೋಕ್ಕೆ ಬೇರೆ.

ನಿಜ ಹೇಳಬೇಕೆಂದರೆ ಇದರಲ್ಲಿ ಪಾರ್ಕಿನವರನ್ನು ಒಬ್ಬರನ್ನೇ ಬಯ್ಯುವುದು ತಪ್ಪು. ಈ ರಾಜ್ಯದಲ್ಲಿ ಒಂದು ಮಗು ಎಷ್ಟು ದೊಡ್ಡದು ಅನ್ನುವುದು ಎದುರಿಗಿರುವ ಕೌಂಟರ್ ಯಾವುದು ಅನ್ನುವುದರ ಮೇಲೆ ನಿಂತಿದೆ. ನಮ್ಮ ಮೆಟ್ರೋದಲ್ಲಿ ಮೂರಡಿ ಲೆಕ್ಕ ಇಟ್ಟರು. ರೈಲ್ವೆಯವರು 2016ರಿಂದ ಐದು ವರ್ಷದ ಮಗುವಿಗೆ ಬರ್ತ್ ಬೇಕಿದ್ದರೆ ಪೂರಾ ಟಿಕೆಟ್ ಅಂದರು. ಇನ್ನು ಒಂದನೇ ಕ್ಲಾಸು. ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಅಂತ 2022ರಲ್ಲಿ ಆದೇಶ. ಅದೇ ವರ್ಷ, ಬೇಡ, 2025ಕ್ಕೆ ನೋಡೋಣ ಅಂದರು. 2025 ಬಂತು. ಈ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಾದರೂ ಸಾಕು ಅಂದರು. ಈ ನಡುವೆ ಶಾಲೆಗೆ ಹಾಕಿದ ಮಕ್ಕಳು ದೊಡ್ಡವರೋ ಚಿಕ್ಕವರೋ ಅಂತ ಅಪ್ಪ ಅಮ್ಮಂದಿರು ಕ್ಯಾಲೆಂಡರ್ ಹಿಡಿದು ಶಾಲೆ ಗೇಟಿನಲ್ಲಿ ನಿಂತಿದ್ದರು. ಅಲ್ಲಿ ಜಿರಾಫೆಯೂ ಇರಲಿಲ್ಲ ಪಾಪ, ಜುಟ್ಟು ಕಟ್ಟಿ ಕಳಿಸೋಣ ಅಂದರೆ.

ಮಾರನೆಯ ದಿನ ಮಂಡ್ಯಕ್ಕೆ ಹೋದೆವು, ನಮ್ಮ ಮಾವನವರ ಮನೆಗೆ. ಸರ್ಕಾರಿ ಬಸ್ಸಲ್ಲಿ. ಹೆಂಡತಿಗೆ ಶಕ್ತಿ ಯೋಜನೆ, ಪುಟ್ಟಿಗೆ ಚಿಕ್ಕವಳು ಅಂತ ಪುಕ್ಕಟೆ. ಯಾರೂ ಅಳೆಯಲಿಲ್ಲ. ಪುಟ್ಟಿಗೆ ಅದು ಅವಮಾನ ಅನಿಸಿತು.

ಮಾವನವರಿಗೆ ಪ್ರಪಂಚದಲ್ಲಿ ಗೊತ್ತಿರುವುದು ಒಂದೇ ಎತ್ತರ. 124.80 ಅಡಿ. ಪೇಪರ್ ಬಂದರೆ ಮೊದಲ ಪುಟ ಬಿಟ್ಟು ಜಲಾಶಯದ ಮಟ್ಟ ನೋಡುತ್ತಾರೆ. ಇವತ್ತಿನ ಮಟ್ಟ, ಒಳಹರಿವು, ಹೊರಹರಿವು. ಆಮೇಲೆ ಕಾಫಿ. ಡಿಸ್ನಿಲ್ಯಾಂಡ್ ಸುದ್ದಿಯನ್ನು ನಾನೇ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

'ಅಳಿಯಂದ್ರೆ, ಇದು ಎಷ್ಟನೇ ಸಲ?'

ಲೆಕ್ಕ ಹಾಕಿದೆವು. 2018ರ ನವೆಂಬರ್‌ನಲ್ಲಿ ದೊಡ್ಡದಾಗಿ ಬಂತು. ಕಾವೇರಿ ತಾಯಿಯ 125 ಅಡಿ ಪ್ರತಿಮೆ, ಗಾಜಿನ ಗೋಪುರ, ಒಟ್ಟು 1,200 ಕೋಟಿ. ತುಂಬಿದ ಕಟ್ಟೆ 124.80, ಪ್ರತಿಮೆ 125. ಹೆಚ್ಚಿರುವ ಎರಡು ಇಂಚು ಚಿಲ್ಲರೆ, ನಮ್ಮ ಪುಟ್ಟಿಯ ಜುಟ್ಟಿಗಿಂತ ಒಂಚೂರು ಜಾಸ್ತಿ. 2024ರಲ್ಲಿ ಬೃಂದಾವನವನ್ನು ವಿಶ್ವ ದರ್ಜೆಗೆ ಏರಿಸಲು 2,663 ಕೋಟಿ ಅಂತ ಸಂಪುಟ ಒಪ್ಪಿತು. ಆರು ವರ್ಷದಲ್ಲಿ ಒಂದು ಇಟ್ಟಿಗೆ ಮೇಲೇಳದೆ ಅಂದಾಜು ದುಪ್ಪಟ್ಟು ದಾಟಿತ್ತು. ರಾಗಿ ಸರಿ ತಿಂದ ಕೂಸೂ ಹೀಗೆ ಬೆಳೆಯುವುದಿಲ್ಲ. 2025ರಲ್ಲಿ ಕಾವೇರಿ ಆರತಿಗೆ 92 ಕೋಟಿ ಅಂದಾಗ, ಆರತಿಯೂ ಬೇಡ, ಪಾರ್ಕೂ ಬೇಡ ಅಂತ ರೈತರು ಬೀದಿಗಿಳಿದರು.

ನಾನು ಸುಮ್ನಿರಲಾರದೆ ಅಸಲಿ ಡಿಸ್ನಿಲ್ಯಾಂಡಿನ ಪರವಾಗಿ ಮಾತಾಡಿದೆ. ಅಲ್ಲಿ ಟಿಕೆಟ್ಟಿಗೆ ಎತ್ತರ ನೋಡುವುದಿಲ್ಲ ಮಾವ, ವಯಸ್ಸು ನೋಡುತ್ತಾರೆ, ಮೂರು ತುಂಬದ ಮಕ್ಕಳಿಗೆ ಪುಕ್ಕಟೆ. ಮಗು ರೈಡಿಗೆ ಚಿಕ್ಕದಾದರೆ ಒಬ್ಬರು ಮಗು ನೋಡಿಕೊಂಡು ಇನ್ನೊಬ್ಬರು ಹತ್ತಬಹುದು, ಆಮೇಲೆ ಎರಡನೆಯವರು ಮತ್ತೆ ಸಾಲು ನಿಲ್ಲದೆ ಹತ್ತಬಹುದು. ಅದನ್ನು ಯಾರೂ ನಕಲು ಮಾಡುವುದಿಲ್ಲ ನೋಡಿ, ಹೆಸರೊಂದನ್ನೇ ತರುತ್ತಾರೆ. ಹಾಗಂತ ಅವರೂ ಮೊದಲ ದಿನವೇ ಗೆದ್ದಿರಲಿಲ್ಲ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಬಾಗಿಲು ತೆಗೆದಾಗ ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದ್ದರು. ಕೊಳಾಯಿ ಕೆಲಸದವರ ಮುಷ್ಕರದಿಂದ ಕುಡಿಯುವ ನಲ್ಲಿಯಲ್ಲಿ ನೀರಿರಲಿಲ್ಲ.

'ಹಂಗಾದ್ರೆ ಮದ್ದೂರು, ಮಳವಳ್ಳಿ ಕಡೆ ನಾಲೆ ಕೊನೇಲಿ ಇರೋರು ಆಗಲೇ ಡಿಸ್ನಿಲ್ಯಾಂಡಲ್ಲವ್ರೆ' ಅಂದರು ಮಾವ. 'ನೀರು ಅಲ್ಲೂ ಬರಲ್ಲ.'

ನಾನು ನಕ್ಕೆ. ಅವರು ನಗಲಿಲ್ಲ. '2018 ನವೆಂಬರ್ ಅಂದ್ರಲ್ಲ. ಆ ತಿಂಗಳು ಇನ್ನೇನಾಯ್ತು ನೆನಪೈತಾ?'

ನೆನಪಿತ್ತು. ನವೆಂಬರ್ 24, ಪಾಂಡವಪುರ ತಾಲ್ಲೂಕಿನ ಕನಗನಮರಡಿ. ಖಾಸಗಿ ಬಸ್ಸು ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ, ಬಿತ್ತು. 30 ಜನ ಸತ್ತರು. ಶನಿವಾರ, ಶಾಲೆ ಬೇಗ ಬಿಟ್ಟು ಮನೆಗೆ ಹೊರಟ ಮಕ್ಕಳೂ ಇದ್ದರು. ನಾಲೆಗೆ ತಡೆಗೋಡೆ ಇರಲಿಲ್ಲ. ಒಂದು ಮೂರಡಿ ಗೋಡೆ. 125 ಅಡಿ ಪ್ರತಿಮೆಯ ಸುದ್ದಿ ಬಂದ ತಿಂಗಳಲ್ಲೇ, ಅದೇ ಕಟ್ಟೆಯ ನೀರು ಹರಿಯುವ ನಾಲೆಯ ಪಕ್ಕ ಮೂರಡಿ ಗೋಡೆ ಇರಲಿಲ್ಲ. ಅದಾದ ಮೇಲೂ ಆ ನಾಲೆಗೆ ಕಾರುಗಳು ಬಿದ್ದಿವೆ. ಪ್ರತಿ ಸಲವೂ ತಡೆಗೋಡೆ ಕಟ್ಟುತ್ತೇವೆ ಅಂದಿದ್ದಾರೆ. ಇದಕ್ಕೆ ತಮಾಷೆ ಮಾಡಲು ನನಗೆ ಬರುವುದಿಲ್ಲ.

ಆಟದ ಜಾಗಗಳ ವಿಷಯಕ್ಕೇ ಬಂದರೂ ಅಷ್ಟೇ. 2024ರ ಮೇ 25, ಗುಜರಾತಿನ ರಾಜ್‌ಕೋಟ್, ಒಂದು ಗೇಮ್ ಜೋನ್. ವಾರಾಂತ್ಯದ ರಿಯಾಯಿತಿ, 99 ರೂಪಾಯಿ ಟಿಕೆಟ್, ಒಳಗೆ ಮಕ್ಕಳು. ಬೆಂಕಿ ಬಿತ್ತು. 27 ಜನ ಹೋದರು. ಅಗ್ನಿಶಾಮಕ ಇಲಾಖೆಯ ಎನ್‌ಒಸಿಯೇ ಇರಲಿಲ್ಲ. ನಾಲ್ಕು ವರ್ಷದ ಹುಡುಗಿಯ ಜುಟ್ಟನ್ನೂ ಬಿಡದೆ ಅಳೆಯುವ ದೇಶ ಸ್ವಾಮಿ ಇದು. ಬಾಗಿಲು ಎಷ್ಟು ಅಗಲ ಇದೆ, ಎಷ್ಟು ಬಾಗಿಲಿದೆ ಅಂತ ಅಳೆಯಬೇಕಾದವನು ಮಾತ್ರ ಆವತ್ತು ರಜೆ.

ಮಾವ ಪೇಪರ್ ಮಡಿಸಿಟ್ಟರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಳಗಿಂದ ಅತ್ತೆ ಚಕ್ಕುಲಿ ತಂದಿಟ್ಟರು. ಪಾರ್ಕಿನಲ್ಲಿ ಚಕ್ಕುಲಿ ಹೇಗಿತ್ತು, ಸಾಕಾಯಿತಾ ಅಂತ ಕೇಳಿದರು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಸಾಕಾಯಿತು ಅತ್ತೆ, ಗಾರ್ಡಿಗೂ ಕೊಟ್ಟೆವು ಅಂದೆ. ಸುಳ್ಳೇನಲ್ಲ.

ಅಷ್ಟರಲ್ಲಿ ಪುಟ್ಟಿ ಹಿತ್ತಿಲಿಂದ ತೆಂಗಿನ ಪೊರಕೆ ಎಳೆದುಕೊಂಡು ಬಂದಳು. ನಡುಮನೆ ಬಾಗಿಲಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ, ತಾತನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಮಾವನವರ ತಲೆಯಲ್ಲಿ ಕೂದಲಿಲ್ಲ, ಆದರೂ ಬಗ್ಗಿಸಿ ಅಂಗೈಯಲ್ಲಿ ಒಂದು ಸಲ ಅದುಮಿದಳು.

'ತಾತ, ನೀನು ದೊಡ್ಡೋನು. ದುಡ್ಡು ಕೊಡು.'

ಮಾವ ಜುಬ್ಬದ ಜೇಬಿಂದ ಹತ್ತು ರೂಪಾಯಿ ತೆಗೆದುಕೊಟ್ಟರು. ಪುಟ್ಟಿ ಅದನ್ನು ಮಡಿಸಿ ಫ್ರಾಕಿನ ಜೇಬಿಗೆ ಹಾಕಿಕೊಂಡು, ಪೊರಕೆಯನ್ನು ಬಾಗಿಲಿಗೆ ಅಡ್ಡ ಇಟ್ಟಳು.

'ಆದ್ರೆ ಒಳಗೆ ಹೋಗಂಗಿಲ್ಲ.'