ಮಂತ್ರ ಪುಕ್ಕಟೆ ಸಿಗಬಾರದು

ಫ್ಯಾಂಟಸಿ, ಅಂದರೆ ಮಂತ್ರ-ಮಾಯೆಯ ಕಾದಂಬರಿ ಓದಬೇಕು, ಯಾರಿಂದ ಶುರು ಮಾಡಲಿ? ಶಿರಸಿಯಲ್ಲಿ ಒಂದು ಮದುವೆ ಮನೆಯಲ್ಲಿ ಊಟ ಮುಗಿಸಿ ಕೂತಾಗ ಒಬ್ಬ ಹುಡುಗಿ ಹೀಗೆ ಕೇಳಿದ್ದೇ ತಡ, ಜಗಳ ಶುರುವಾಯಿತು. 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್ ಬಿಟ್ಟರೆ ಯಾರಿದ್ದಾರೆ ಅಂದರು ಒಬ್ಬರು. ನನ್ನ ಅಕ್ಕನ ಮಗ ಅಮೆರಿಕದ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ಪುಸ್ತಕಗಳ ಪಟ್ಟಿಯನ್ನೇ ಬಿಚ್ಚಿದ. 'ಮಕ್ಕಳ ಕಥೆ ಓದೋ ವಯಸ್ಸನ್ರೋ ಇದು?' ಅಂತ ಹಿರಿಯರೊಬ್ಬರು ಕವಳ ಹಾಕಿಕೊಂಡು ನಕ್ಕರು.

ಅಲ್ಲಿ ಗಲಾಟೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ನಾನು ನೋಡುವುದು ಒಂದನ್ನೇ. ಆ ಕಥೆಯಲ್ಲಿ ಮಂತ್ರಕ್ಕೆ ಬೆಲೆ ಇದೆಯಾ? ಶಕ್ತಿ ಬಂದವನು ಏನನ್ನಾದರೂ ಕಳೆದುಕೊಳ್ಳುತ್ತಾನಾ? ಡ್ರ್ಯಾಗನ್ ಎಷ್ಟಿವೆ, ನಕಾಶೆ ಎಷ್ಟು ದೊಡ್ಡದು ಅನ್ನುವುದೆಲ್ಲ ಆಮೇಲೆ.

ಇದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಯಕ್ಷಗಾನ ನೋಡಿ ಬೆಳೆದವರು ನಾವು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರಿಗೆ ಗೊತ್ತು. ವರ ಸಿಕ್ಕ ಗಳಿಗೆಯಲ್ಲೇ ಅವನ ಸಾವೂ ಬರೆದಾಗಿರುತ್ತದೆ. ಮುಂದಿನ ಸಾಲಿನಲ್ಲಿ ಕೂತ ಮಗುವಿಗೂ ಅದು ಗೊತ್ತು. ಆದರೂ ಮೋಹಿನಿ ಕುಣಿಯುತ್ತಾ ಕುಣಿಯುತ್ತಾ ಕೈಯನ್ನು ತಲೆಯ ಹತ್ತಿರ ತರುವಾಗ ಯಾರೂ ರೆಪ್ಪೆ ಹೊಡೆಯುವುದಿಲ್ಲ.

ಹಾಗಾಗಿ ನಾನು ಹೇಳುವ ಮೊದಲ ಹೆಸರು ಅಮೆರಿಕದ ಲೇಖಕಿ ಅರ್ಸುಲಾ ಕೆ. ಲೆ ಗ್ವಿನ್. 'ಎ ವಿಝರ್ಡ್ ಆಫ್ ಅರ್ಥ್‌ಸೀ' ಬಂದಿದ್ದು 1968ರಲ್ಲಿ. ಸುಮಾರು 200 ಪುಟ, ಅಷ್ಟೇ. ಕಥೆ ನಡೆಯುವುದು ಬರೀ ದ್ವೀಪಗಳ ಲೋಕದಲ್ಲಿ. ಎಲ್ಲಿಗೆ ಹೋಗಬೇಕಾದರೂ ದೋಣಿಯೇ ಗತಿ. ಕಾರವಾರದ ಕಡಲತೀರದಲ್ಲಿ ನಿಂತು ಕೂರ್ಮಗಡ, ದೇವಗಡ ನೋಡಿದವರಿಗೆ, ಜನವರಿಯಲ್ಲಿ ನರಸಿಂಹ ದೇವರ ಜಾತ್ರೆಗೆ ದೋಣಿ ಹತ್ತಿದವರಿಗೆ, ಈ ಲೋಕ ಒಳಹೊಕ್ಕಲು ಕಷ್ಟವೇ ಇಲ್ಲ. ನಾಯಕ ಗೆಡ್ ಮೇಕೆ ಕಾಯುತ್ತಿದ್ದ ಹುಡುಗ. ಮೈಬಣ್ಣ ಕಂದು. ಆ ಕಾಲದ ಇಂಗ್ಲಿಷ್ ಫ್ಯಾಂಟಸಿಯಲ್ಲಿ ಇದು ಸಣ್ಣ ಮಾತಲ್ಲ.

ಅವನ ಗುರು ಓಗಿಯನ್. ಇಬ್ಬರೂ ಕಾಡಿನಲ್ಲಿ ನಡೆಯುವಾಗ ಮಳೆ ಬರುತ್ತದೆ. ಒಂದು ಮಂತ್ರ ಹೇಳಿದರೆ ಮೋಡ ಆಚೆ ಹೋಗುತ್ತದೆ. ಓಗಿಯನ್ ಹೇಳುವುದಿಲ್ಲ. ಸುಮ್ನೆ ಮರದ ಕೆಳಗೆ ಮಲಗಿ ನೆನೆಯುತ್ತಾನೆ. ಹುಡುಗನಿಗೆ ಸಿಟ್ಟು. ಇಷ್ಟು ಶಕ್ತಿ ಇದ್ದು ಏನು ಪ್ರಯೋಜನ ಅಂತ. ಮುಂದೆ ಮಂತ್ರದ ಶಾಲೆಯಲ್ಲಿ ಅವನಿಗೆ ಉತ್ತರ ಸಿಗುತ್ತದೆ. ಇಲ್ಲಿ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು. ಈ ಮಾತು ನಮ್ಮ ಜಿಲ್ಲೆಯವರಿಗೆ ಅರ್ಥವಾದಷ್ಟು ಬೇರೆಯವರಿಗೆ ಆಗುತ್ತದೋ ಇಲ್ಲವೋ. ಘಟ್ಟದ ಮೇಲೆ ಅಡಿಕೆಗೆ ಕೊಳೆ ಮದ್ದು ಹೊಡೆಯಬೇಕು, ಎರಡು ದಿನ ಮಳೆ ಬಿಟ್ಟರೆ ಸಾಕು ಅಂತ ಕಾಯುತ್ತಿರುತ್ತಾರೆ. ಅದೇ ಹೊತ್ತಿಗೆ ಕೆಳಗೆ ಗದ್ದೆ ನಾಟಿಗೆ ನೀರು ಬೇಕು. ಯಾರ ಮಂತ್ರ ನಡೆಯಬೇಕು ಹೇಳಿ?

ಅದೇ ಶಾಲೆಯಲ್ಲಿ ಗೆಡ್ ಸಹಪಾಠಿಯ ಮೇಲಿನ ಹಟಕ್ಕೆ ಮಾಡಬಾರದ ಮಂತ್ರ ಮಾಡುತ್ತಾನೆ. ಒಂದು ನೆರಳು ಹೊರಗೆ ಬಂದು ಅವನ ಮುಖ ಸಿಗಿಯುತ್ತದೆ. ಆ ಬಾಗಿಲು ಮುಚ್ಚಲು ಹೋದ ಹಿರಿಯ ಮಾಂತ್ರಿಕನ ಜೀವವೇ ಹೋಗುತ್ತದೆ. ಮುಂದಿನದು ಹೇಳಲ್ಲ, ಓದಿ. 1990ರಲ್ಲಿ ಬಂದ 'ತೆಹಾನು'ವಿನಲ್ಲಿ ಇದೇ ಗೆಡ್ ಶಕ್ತಿಯೆಲ್ಲ ಕಳೆದುಕೊಂಡು ಮತ್ತೆ ಮೇಕೆ ಕಾಯುತ್ತಾನೆ. ತನ್ನ ನಾಯಕನನ್ನು ಅಲ್ಲಿಗೆ ತಂದು ನಿಲ್ಲಿಸಲು ಎಷ್ಟು ಧೈರ್ಯ ಬೇಕು!

ಟೋಲ್ಕಿನ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶುರುವಿಗೆ ಅವರನ್ನು ಕೊಡಬೇಡಿ. 'ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಎಲ್ರಾಂಡನ ಮನೆಯ ಸಭೆ ಅಂತ ಒಂದು ಅಧ್ಯಾಯ ಇದೆ. ಎಲ್ಲರೂ ಕೂತು ಮಾತಾಡಿದ್ದೇ ಮಾತಾಡಿದ್ದು, ಥೇಟ್ ತಾಳಮದ್ದಳೆ. ನನಗೆ ಅದು ಇಷ್ಟ, ಹೊಸಬರು ಅಲ್ಲೇ ಪುಸ್ತಕ ಮುಚ್ಚಿಡುತ್ತಾರೆ. ಸಿನಿಮಾ ನೋಡಿದ್ದೇನೆ, ಸಾಕು ಅನ್ನುವವರಿಗೆ ಒಂದು ಮಾತು. ಕೇಡಿನ ಉಂಗುರವನ್ನು ನಾಶಮಾಡಲು ಹೊರಟ ನಾಯಕ ಫ್ರೋಡೋ ಕೊನೆಗೆ ಅದನ್ನು ತಾನಾಗಿ ಬಿಸಾಡುವುದಿಲ್ಲ, ಅವನಿಂದ ಆಗುವುದೇ ಇಲ್ಲ. ಇದು ಸಿನಿಮಾದಲ್ಲೂ ಇದೆ. ಆದರೆ ಫ್ರೋಡೋ ಮತ್ತು ಗೆಳೆಯರು ವಾಪಸ್ ಬಂದಾಗ ಊರು ಹಾಳಾಗಿರುತ್ತದಲ್ಲ, ಮರ ಕಡಿದು ಗುಂಡಾಗಳ ರಾಜ್ಯ ಆಗಿರುತ್ತದಲ್ಲ, ಅದು ಪುಸ್ತಕದಲ್ಲಿ ಮಾತ್ರ. ಗೆದ್ದು ಬಂದವನಿಗೆ ತನ್ನ ಊರಲ್ಲೇ ನೆಮ್ಮದಿಯಿಲ್ಲ. 1954-55ರ ಆ ಪುಸ್ತಕ ಇವತ್ತಿಗೂ ಉಳಿದಿರುವುದು ಇದರಿಂದ ಅಂತ ನನ್ನ ಲೆಕ್ಕ, ಯುದ್ಧಗಳಿಂದ ಅಲ್ಲ.

ಈಗ ಅಳಿಯನ ಸ್ಯಾಂಡರ್ಸನ್. 'ಮಾವಾ, ನಿಮ್ಮ ಲೆ ಗ್ವಿನ್‌ದು ಮ್ಯಾಜಿಕ್ ಸಿಸ್ಟಮ್ಮೇ ಇಲ್ಲ' ಅನ್ನುತ್ತಾನೆ. ಮಂತ್ರ ಹೇಗೆ ನಡೆಯುತ್ತದೆ ಅನ್ನುವ ಕಟ್ಟುನಿಟ್ಟಿನ ನಿಯಮ ಇಲ್ಲ ಅಂತ ಅವನ ದೂರು. ಸ್ಯಾಂಡರ್ಸನ್ ಅವರದ್ದು ಎಲ್ಲ ಲೆಕ್ಕಾಚಾರ. 'ಮಿಸ್ಟ್‌ಬಾರ್ನ್'ನಲ್ಲಿ ಲೋಹದ ಚೂರು ನುಂಗಿದರೆ ಶಕ್ತಿ. ಒಂದೊಂದು ಲೋಹಕ್ಕೆ ಒಂದೊಂದು ಕೆಲಸ. ತವರ ಕಣ್ಣು ಕಿವಿ ಚುರುಕು ಮಾಡುತ್ತದೆ, ಉಕ್ಕು ದೂರದ ಲೋಹವನ್ನು ತಳ್ಳುತ್ತದೆ. ಓದಿಸಿಕೊಂಡು ಹೋಗುತ್ತದೆ, ಸುಳ್ಳು ಹೇಳಲ್ಲ. ಕುಮಟಾದಿಂದ ರೈಲು ಹತ್ತಿದರೆ ಕಾರವಾರ ಬಂದದ್ದೇ ಗೊತ್ತಾಗುವುದಿಲ್ಲ. ಆದರೆ ಲೋಹ ಖಾಲಿಯಾದರೆ ಇನ್ನಷ್ಟು ನುಂಗಿದರಾಯಿತು. ಅದು ಖರ್ಚು, ಬೆಲೆ ಅಲ್ಲ. ಅಳಿಯ ಇದನ್ನು ಒಪ್ಪುವುದಿಲ್ಲ. ಒಪ್ಪುವುದು ಬೇಡ, ಓದುತ್ತಿದ್ದಾನಲ್ಲ.

'ಗೇಮ್ ಆಫ್ ಥ್ರೋನ್ಸ್' ಬರೆದ ಮಾರ್ಟಿನ್, 'ದಿ ನೇಮ್ ಆಫ್ ದಿ ವಿಂಡ್' ಬರೆದ ರಾತ್‌ಫಸ್ ಇಬ್ಬರೂ ಒಳ್ಳೆಯ ಬರಹಗಾರರೇ. ಆದರೆ ಇಬ್ಬರ ದೊಡ್ಡ ಕಥೆಗಳೂ 2011ರಲ್ಲಿ ಬಂದ ಪುಸ್ತಕಕ್ಕೇ ನಿಂತಿವೆ, ಮುಗಿದಿಲ್ಲ. ಅರ್ಧ ಊಟಕ್ಕೆ ಎಲೆ ಹಾಕಿಸಿಕೊಳ್ಳಲು ನಾನು ತಯಾರಿಲ್ಲ.

ನಗು ಬೇಕಾದವರಿಗೆ ಟೆರ್ರಿ ಪ್ರಾಚೆಟ್. ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿಗಳಿವೆ, ಹೆದರಬೇಡಿ, ಕ್ರಮವಾಗಿ ಓದಬೇಕಿಲ್ಲ. 1992ರ 'ಸ್ಮಾಲ್ ಗಾಡ್ಸ್' ಒಂದನ್ನು ಓದಿ. ಓಮ್ ಅನ್ನುವ ಮಹಾದೇವರು ಭೂಮಿಗೆ ಬಂದರೆ ಸಿಗುವುದು ಆಮೆಯ ರೂಪ. ಯಾಕೆಂದರೆ ದೊಡ್ಡ ದೇವಸ್ಥಾನವಿದೆ, ಪುರೋಹಿತರಿದ್ದಾರೆ, ಜನರಿದ್ದಾರೆ, ನಿಜವಾಗಿ ನಂಬುವವನು ಮಾತ್ರ ಒಬ್ಬನೇ ಒಬ್ಬ ಪೆದ್ದು ಹುಡುಗ. ಇದನ್ನು ನಾನು ಗೋಕರ್ಣದ ಗೆಳೆಯನಿಗೆ ಕೊಟ್ಟೆ. ಆ ಪ್ರತಿ ಇನ್ನೂ ವಾಪಸ್ ಬಂದಿಲ್ಲ, ಅದೇ ಅವನ ವಿಮರ್ಶೆ.

ಕನ್ನಡದಲ್ಲಿ ಏನಿದೆ ಅಂತ ಆ ಹುಡುಗಿ ಕೇಳಿದಳು. ನೀನು ಕೂತ ಊರಲ್ಲೇ ಬಾಲ್ಯ ಕಳೆದವರು ಬರೆದದ್ದಿದೆ ಅಂದೆ. ಗಿರೀಶ ಕಾರ್ನಾಡರು ಶಿರಸಿಯಲ್ಲಿ ಯಕ್ಷಗಾನ, ಕಂಪನಿ ನಾಟಕ ನೋಡುತ್ತಾ ಬೆಳೆದವರು. ಅವರ 'ಹಯವದನ' ನಾಟಕದಲ್ಲಿ ಪದ್ಮಿನಿಯ ಗಂಡ, ಅವನ ಗೆಳೆಯ ಇಬ್ಬರೂ ತಲೆ ಕಡಿದುಕೊಂಡು ಸತ್ತಿರುತ್ತಾರೆ, ಪದ್ಮಿನಿ ಗಡಿಬಿಡಿಯಲ್ಲಿ ಇಬ್ಬರ ತಲೆ ಅದಲುಬದಲು ಮಾಡಿ ಜೋಡಿಸುತ್ತಾಳೆ. ಇಬ್ಬರೂ ಬದುಕಲಿ ಅಂತ ಪದ್ಮಿನಿ ಕೇಳಿದ ವರವನ್ನು ಕಾಳಿ ಕೊಟ್ಟೇ ಕೊಡುತ್ತಾಳೆ. ಮೂಲ ಬೇತಾಳ ಕಥೆಯಲ್ಲಿ ತಲೆ ಯಾರದ್ದೋ ಅವನೇ ಗಂಡ ಅಂತ ತೀರ್ಪು ಸಿಕ್ಕು ಮುಗಿಯುತ್ತದೆ. ನಾಟಕದಲ್ಲಿ ನಿಜವಾದ ತೊಂದರೆ ಶುರುವಾಗುವುದೇ ಆ ತೀರ್ಪಿನ ಮೇಲೆ. ದೇಹ ಮೆಲ್ಲಗೆ ತಲೆಯ ಮಾತು ಕೇಳುತ್ತಾ ಬದಲಾಗುತ್ತದೆ, ಪದ್ಮಿನಿಗೆ ಬೇಕಾಗಿದ್ದು ಕೈಬಿಟ್ಟು ಹೋಗುತ್ತದೆ. ಇದನ್ನು ಫ್ಯಾಂಟಸಿ ಅನ್ನದೆ ಇನ್ನೇನು ಅನ್ನಬೇಕು? ಪಠ್ಯಪುಸ್ತಕದಂತೆ ಓದಿಸಿ ಓದಿಸಿ ಅದರ ಮಜಾನೇ ತೆಗೆದುಬಿಟ್ಟಿದ್ದೇವೆ.

ಇವೆಲ್ಲ ಮುಗಿದ ಮೇಲೂ ಹಸಿವು ಇದ್ದರೆ ರಾಬಿನ್ ಹಾಬ್ ಅವರ ಪುಸ್ತಕ ಹಿಡಿಯಿರಿ. ಫಾರ್ಸಿಯರ್ ಕಥೆ ಮೂರೇ ಪುಸ್ತಕ, 1995ರಿಂದ 1997ರೊಳಗೆ ಬಂದು ಮುಗಿದಿದೆ, ಕಾಯುವ ಕಾಟ ಇಲ್ಲ. ಫಿಟ್ಜ್ ಅನ್ನುವ ಹುಡುಗನಿಗೆ ಪ್ರಾಣಿಗಳ ಮನಸ್ಸಿನೊಳಗೆ ಹೋಗುವ ಶಕ್ತಿ ಇದೆ, ಅದಕ್ಕೆ ಅವನು ತೆರುವ ಬೆಲೆ ಪುಟಪುಟದಲ್ಲೂ ಇದೆ. ಮನೆಯಲ್ಲಿ ನಾಯಿ ಸಾಕಿದವರು ಮೊದಲ ಪುಸ್ತಕಕ್ಕೆ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡೇ ಕೂರಿ.